ಜಿಆರ್‌ಇ ಬರೆಯಲು ಹೊರಟವರಿಗೆ, ಈಗಷ್ಟೇ ಬರೆದು ಮುಗಿಸಿದವಳ ಮಾತು

ಮೊನ್ನೆ ಗುರುವಾರ ರಾತ್ರಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹಾಕುವ ಕೊನೆಯ ಅರ್ಜಿ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದೆ. ಶುರು ಮಾಡಿ ಹದಿನಾಲ್ಕು ತಿಂಗಳಾಗಿತ್ತು. ಅದರಲ್ಲಿ ನಿಜವಾಗಿ ಓದಿದ್ದು ನಾಲ್ಕು ತಿಂಗಳು. ಉಳಿದದ್ದೆಲ್ಲ ಕಾಯುವುದು, ಕಾಗದ ಹೊಂದಿಸುವುದು, ಯಾರನ್ನು ಕೇಳಬೇಕೆಂದು ತಿಳಿಯದೆ ಸುಮ್ನೆ ಕೂರುವುದು. ಜಿಆರ್‌ಇ ಅಂದರೆ ಅಲ್ಲಿ ಡಿಗ್ರಿಯ ಮುಂದಿನ ಓದಿಗೆ ಅರ್ಜಿ ಹಾಕುವವರು ಬರೆಯುವ ಪರೀಕ್ಷೆ. ನಮ್ಮ ಕಡೆ ಅದನ್ನು ಬರೆದವರು ಕಡಿಮೆ. ನನ್ನನ್ನು ಯಾರಾದರೂ ಒಂದು ದಿನ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿದ್ದರೆ ಅರ್ಧ ಸಂಕಟ ತಪ್ಪುತ್ತಿತ್ತು. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಾನು ರಾಣೆಬೆನ್ನೂರಿನವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಹುಬ್ಬಳ್ಳಿಯಲ್ಲಿ ಎರಡು ವರ್ಷ ಕೆಲಸ ಮಾಡಿದೆ. ರಸ್ತೆ, ಸಂಚಾರ ಇವುಗಳ ಬಗ್ಗೆಯೇ ಮುಂದೆ ಓದಬೇಕು, ಅಮೆರಿಕದಲ್ಲಿ ಎಂ.ಎಸ್. ಮಾಡಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲೇ.

ಮನೆಯಲ್ಲಿ ಈ ಪರೀಕ್ಷೆ ಗೊತ್ತಿದ್ದವರು ಒಬ್ಬರೇ. ಶಿಕಾಗೊದಲ್ಲಿರುವ ನಮ್ಮ ಸೋದರಮಾವ. ಅವರು ಬರೆದದ್ದು 2004ರಲ್ಲಿ. ಫೋನ್ ಮಾಡಿದಾಗ ಬಹಳ ಖುಷಿಪಟ್ಟರು. "1600ಕ್ಕ 1300 ದಾಟಿಸು ತಂಗಿ, ಸಾಕು. ವಿರುದ್ಧ ಪದ ಬಾಯಿಪಾಠ ಮಾಡು, ಅದರಾಗ ಐತಿ ಎಲ್ಲಾ" ಎಂದರು. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯಲ್ಲಿ ದಪ್ಪದೊಂದು ಹಳೆಯ ಪುಸ್ತಕ ತಂದೆ. ದಿನಕ್ಕೆ 40 ಪದ. ಬೆಳಿಗ್ಗೆ ಬಸ್ಸಿನಲ್ಲಿ 20, ರಾತ್ರಿ 20. ಹೀಗೆ ಆರು ವಾರ ನಡೆಯಿತು.

ಆಮೇಲೆ ಒಂದು ದಿನ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯ ಜಾಲತಾಣವನ್ನು ನಿಧಾನವಾಗಿ ಓದಿದೆ. ವಿರುದ್ಧ ಪದದ ಪ್ರಶ್ನೆಗಳು 2011ರ ಆಗಸ್ಟ್‌ನಲ್ಲೇ ಹೋಗಿದ್ದವು. 1600ರ ಲೆಕ್ಕವೂ ಆಗಲೇ ಹೋಗಿತ್ತು. ಆ ಸಂಜೆ ಬಹಳ ಅಳು ಬಂತು. ಮಾವ ಹೇಳಿದ್ದು ಪ್ರೀತಿಯಿಂದಲೇ, ಅವರ ಕಾಲಕ್ಕೆ ಅದು ಸರಿಯೇ ಇತ್ತು. ಹಿಂದೆ ಬರೆದವರ ಮಾತು ಕೇಳುವಾಗ "ನೀವು ಯಾವ ವರ್ಷ ಬರೆದಿರಿ?" ಅಂತ ಮೊದಲು ಕೇಳಿ. ಕೆಲವೇ ವರ್ಷದ ಹಿಂದೆ ಬರೆದವರನ್ನೂ ಇದನ್ನೇ ಕೇಳಿ. ಯಾಕೆಂದರೆ 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಮತ್ತೆ ಬದಲಾಯಿತು. ಮುಂಚೆ 3 ಗಂಟೆ 45 ನಿಮಿಷ ಇತ್ತು. ಈಗ 1 ಗಂಟೆ 58 ನಿಮಿಷ ಅಷ್ಟೇ. ಬೆಂಗಳೂರಿನ ಒಂದು ಕೋಚಿಂಗ್ ಸೆಂಟರ್‌ನಲ್ಲಿ 30 ಸಾವಿರಕ್ಕೂ ಜಾಸ್ತಿ ಕೇಳಿದರು. ಅವರು ತೋರಿಸಿದ ಮಾದರಿ ಪರೀಕ್ಷೆ ನಡುವೆ ಹತ್ತು ನಿಮಿಷ ವಿರಾಮ ಇದ್ದ ಹಳೆಯದು. ಈಗ ವಿರಾಮವೇ ಇಲ್ಲ. ಎದ್ದು ಹೊರಗೆ ಹೋಗಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ನಾನು ಕೋಚಿಂಗ್ ಬಿಟ್ಟು ಮನೆಯಲ್ಲೇ ಓದಿದೆ.

ಈಗಿನ ಪರೀಕ್ಷೆ ಹೀಗಿದೆ. ಮೊದಲು 30 ನಿಮಿಷದ ಒಂದು ಪ್ರಬಂಧ. ಆಮೇಲೆ ವರ್ಬಲ್, ಅಂದರೆ ಇಂಗ್ಲಿಷ್ ಭಾಷೆಯ ಪ್ರಶ್ನೆ, ಎರಡು ಭಾಗ. ಕ್ವಾಂಟ್, ಅಂದರೆ ಗಣಿತ, ಎರಡು ಭಾಗ. ವರ್ಬಲ್ ಮೊದಲ ಭಾಗದಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15. ಕ್ವಾಂಟ್‌ನಲ್ಲಿ 21 ನಿಮಿಷಕ್ಕೆ 12, ಆಮೇಲೆ 26 ನಿಮಿಷಕ್ಕೆ 15. ಮೊದಲ ಭಾಗದಲ್ಲಿ ನೀವು ಹೇಗೆ ಮಾಡುತ್ತೀರಿ ಎನ್ನುವುದರ ಮೇಲೆ ಎರಡನೆಯ ಭಾಗ ಎಷ್ಟು ಕಷ್ಟ ಎಂದು ಕಂಪ್ಯೂಟರ್ ನಿರ್ಧರಿಸುತ್ತದೆ. ವರ್ಬಲ್, ಕ್ವಾಂಟ್ ಎರಡಕ್ಕೂ ಬೇರೆ ಬೇರೆ ಅಂಕ, 130ರಿಂದ 170. ಪ್ರಬಂಧಕ್ಕೆ 0ರಿಂದ 6, ಅರ್ಧರ್ಧ ಅಂಕದ ಲೆಕ್ಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗೇಟ್‌ಗೆ (ನಮ್ಮಲ್ಲಿ ಎಂ.ಟೆಕ್. ಸೇರಲು ಬರೆಯುವ ಪರೀಕ್ಷೆ) ಓದುತ್ತಿದ್ದ ನನ್ನ ಗೆಳತಿಗೆ ಇದನ್ನು ನಂಬಲು ಕಷ್ಟವಾಯಿತು, ಅಲ್ಲಿ ಆಯ್ಕೆ ಪ್ರಶ್ನೆ ತಪ್ಪಾದರೆ ಮೂರನೇ ಒಂದು ಭಾಗ ಹೋಗುತ್ತದೆ. ಇಲ್ಲಿ ಒಂದೂ ಪ್ರಶ್ನೆ ಖಾಲಿ ಬಿಡಬೇಡಿ.

ಇಷ್ಟೆಲ್ಲ ತಿಳಿದುಕೊಂಡ ನಾನು ಮೊದಲೇ ಮಾಡಬೇಕಿದ್ದ ಒಂದು ಕೆಲಸ ಬಿಟ್ಟಿದ್ದೆ. ನಾನು ಅರ್ಜಿ ಹಾಕಬೇಕೆಂದಿದ್ದ ವಿಭಾಗಗಳು ಜಿಆರ್‌ಇ ಕೇಳುತ್ತವೆಯೇ ಎಂದು ನೋಡಿರಲಿಲ್ಲ! 2020ರ ಕೊರೊನಾ ನಂತರ ಬಹಳ ಕಡೆ ಇದನ್ನು ಐಚ್ಛಿಕ ಮಾಡಿದ್ದಾರೆ. ಕೆಲವು ಕಡೆ ಕಳಿಸಿದರೂ ನೋಡುವುದಿಲ್ಲ. ಹತ್ತು ವಿಭಾಗಗಳ ಪುಟ ತೆರೆದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದೆ. ಬೇಕೇ ಬೇಕು ಎಂದವರು ಮೂವರು. ಇದ್ದರೆ ಕಳಿಸಿ ಎಂದವರು ನಾಲ್ವರು. ಬೇಡವೇ ಬೇಡ ಎಂದವರು ಮೂವರು. ವಿಶ್ವವಿದ್ಯಾಲಯದ ಮುಖಪುಟ ನೋಡಿದರೆ ಸಾಲದು, ನಿಮ್ಮ ವಿಭಾಗದ ಪುಟವನ್ನೇ ನೋಡಬೇಕು. ಒಂದೇ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಕೇಳುತ್ತದೆ, ಪಕ್ಕದ್ದು ಕೇಳುವುದಿಲ್ಲ. ನನ್ನ ಪಟ್ಟಿಯಲ್ಲಿ ಬೇಡವೆಂದವರೇ ಹತ್ತಕ್ಕೆ ಹತ್ತು ಇದ್ದಿದ್ದರೆ ಇಷ್ಟು ಹಣ, ಇಷ್ಟು ರಾತ್ರಿ ಯಾವುದೂ ಬೇಕಿರಲಿಲ್ಲ. ಆದರೆ ಬೇಕೇ ಬೇಕು ಎಂದ ಆ ಮೂರು ವಿಭಾಗಗಳೇ ನನಗೆ ಹೆಚ್ಚು ಇಷ್ಟವಾಗಿದ್ದವು. ಅದಕ್ಕೆ ಬರೆಯುವುದೆಂದು ನಿರ್ಧರಿಸಿದೆ.

ಶುಲ್ಕ 22 ಸಾವಿರ ದಾಟಿತು. ಅಪ್ಪನದು ಸಣ್ಣ ಹಾರ್ಡ್‌ವೇರ್ ಅಂಗಡಿ. ಇಷ್ಟು ಹಣ ಒಂದು ಬೆಳಿಗ್ಗೆ ಎರಡು ತಾಸಿನ ಪರೀಕ್ಷೆಗೆ ಹೋಗುತ್ತದೆ ಎಂದಾಗ ಅವರು ಏನೂ ಅನ್ನಲಿಲ್ಲ. ಲೆಕ್ಕದ ಪುಸ್ತಕ ಮುಚ್ಚಿ, "ಕಟ್ಟು" ಅಂದರು. ನಾನು ನನ್ನ ಸಂಬಳದಲ್ಲಿ ಉಳಿಸಿದ್ದರಿಂದಲೇ ಕಟ್ಟಿದೆ, ಆದರೆ ಆ ಒಂದು ಮಾತಿನ ಭಾರ ಪರೀಕ್ಷೆ ಮುಗಿಯುವವರೆಗೂ ನನ್ನ ಮೇಲಿತ್ತು.

ಇನ್ನು ಹೆಸರಿನ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮಲ್ಲಿ ಬಹಳ ಜನರದ್ದು ಇದೇ ಪಾಡು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬಿ.ಕೆ. ಅಂತ ಇನಿಷಿಯಲ್ ಇದೆ. ಬಿ ಅಂದರೆ ಅಪ್ಪನ ಹೆಸರು, ಕೆ ಅಂದರೆ ಮನೆತನದ ಅಡ್ಡಹೆಸರು. ಡಿಗ್ರಿ ಸರ್ಟಿಫಿಕೇಟ್‌ನಲ್ಲೂ ಹಾಗೇ. ಆಧಾರ್‌ನಲ್ಲಿ ಅಪ್ಪನ ಹೆಸರು ಬಿಟ್ಟು ಬರೀ ಅಡ್ಡಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಹಾಕುವುದಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ, 1,500 ರೂಪಾಯಿ ಕಟ್ಟಿ, ಪೊಲೀಸ್ ವೆರಿಫಿಕೇಷನ್ ಮುಗಿಸಿ ಕೈಗೆ ಬಂದಾಗ ಅದರಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಉದ್ದಕ್ಕೆ ಇದ್ದವು. ಅವ್ವ ಅದನ್ನು ದೇವರ ಮುಂದೆ ಇಟ್ಟಳು.

ನಾನು ಇಟಿಎಸ್ ಖಾತೆ ತೆರೆದದ್ದು ಪಾಸ್‌ಪೋರ್ಟ್ ಬರುವ ಮುಂಚೆ. ಡಿಗ್ರಿಗೆ ಹೊಂದಲಿ ಅಂತ ಬಿ.ಕೆ. ಎಂದೇ ಬರೆದಿದ್ದೆ. ತಪ್ಪು ನನ್ನದೇ. ಪರೀಕ್ಷೆಗೆ ನೋಂದಾಯಿಸಿದ ಹೆಸರು, ಅಂದು ತೋರಿಸುವ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಹಣವೂ ಹೋಗುತ್ತದೆ. ಇದು ನನ್ನ ಕಣ್ಣಿಗೆ ಬಿದ್ದದ್ದು ಪರೀಕ್ಷೆಗೆ ಮೂರು ವಾರ ಇದ್ದಾಗ, ರಾತ್ರಿ ಹನ್ನೊಂದಕ್ಕೆ. ಕೈ ತಣ್ಣಗಾಯಿತು. ಪಾಸ್‌ಪೋರ್ಟ್ ಪ್ರತಿ ಸೇರಿಸಿ ಅವರಿಗೆ ಪತ್ರ ಬರೆದೆ. ಸರಿಯಾಯಿತು ಅಂತ ಉತ್ತರ ಬರುವವರೆಗೆ ಓದಿದ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಮೊದಲು ಪಾಸ್‌ಪೋರ್ಟ್ ಮಾಡಿಸಿ. ಅದನ್ನು ಎದುರಿಗಿಟ್ಟುಕೊಂಡು, ಅದರಲ್ಲಿದ್ದ ಹಾಗೇ ಒಂದೊಂದು ಅಕ್ಷರ ನೋಡಿ ಖಾತೆ ತೆರೆಯಿರಿ.

ಓದಿನ ಬಗ್ಗೆ ಹೇಳುತ್ತೇನೆ. ಕ್ವಾಂಟ್ ಎಂದರೆ ನಮ್ಮ ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತ. ಶೇಕಡಾ, ಅನುಪಾತ, ತ್ರಿಕೋನ, ವೃತ್ತ, ಸರಾಸರಿ, ಮಧ್ಯಾಂಕ, ಸಂಭವನೀಯತೆ, ನಕ್ಷೆ ನೋಡಿ ಉತ್ತರಿಸುವುದು. ಅಟ್ಟದ ಮೇಲಿಂದ ನನ್ನ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳನ್ನು ಇಳಿಸಿದೆ. ಪುಟದ ಅಂಚಿನಲ್ಲಿ ನನ್ನದೇ ಪೆನ್ಸಿಲ್ ಅಕ್ಷರ. ಒಂದು ಕಡೆ ಕನ್ನಡ ಪದ, ಎದುರಿಗೆ ಇಂಗ್ಲಿಷ್ ಪದ ಬರೆದು ಪಟ್ಟಿ ಮಾಡಿಕೊಂಡೆ. ಅವಿಭಾಜ್ಯ ಸಂಖ್ಯೆ, ಲ.ಸಾ.ಅ., ಕರ್ಣ, ಮಾನಕ ವಿಚಲನೆ. ಕನ್ನಡದಲ್ಲಿ ಕಲಿತವರು ಹೆದರಬೇಕಾಗಿಲ್ಲ. ವಿಷಯ ನಿಮಗೆ ಬರುತ್ತದೆ, ಹೆಸರು ಮಾತ್ರ ಬೇರೆ. ಪಟ್ಟಿ ಅಂದರೆ ಸುಮಾರು 120 ಪದ, ಒಂದು ವಾರದ ಕೆಲಸ.

ಲೆಕ್ಕ ಸುಲಭ, ಆದರೆ ಸಿಕ್ಕಿಸುವ ಜಾಗ ಬೇರೆ. ಒಂದು ಕಡೆ ಎಕ್ಸ್ ವರ್ಗ, ಇನ್ನೊಂದು ಕಡೆ ಎಕ್ಸ್ ಕೊಟ್ಟು ಯಾವುದು ದೊಡ್ಡದು ಅನ್ನುತ್ತಾರೆ. ನಮ್ಮ ಮನಸ್ಸು 2, 3 ಹಾಕಿ ನೋಡಿ ವರ್ಗವೇ ದೊಡ್ಡದು ಅಂದುಬಿಡುತ್ತದೆ. ಅರ್ಧ ಹಾಕಿ ನೋಡಿ. ಅರ್ಧದ ವರ್ಗ ಕಾಲು, ಈಗ ಚಿಕ್ಕದಾಯಿತು. 1 ಹಾಕಿದರೆ ಎರಡೂ ಸಮ. ಅಂದರೆ ಹೇಳಲು ಬರುವುದಿಲ್ಲ ಎನ್ನುವುದೇ ಸರಿ ಉತ್ತರ. ನಾನು ಗೋಡೆಗೆ ಒಂದು ಚೀಟಿ ಅಂಟಿಸಿಕೊಂಡಿದ್ದೆ: ಸೊನ್ನೆ, ಒಂದು, ಅರ್ಧ, ಋಣ. ಇಂಥ ಪ್ರಶ್ನೆ ಬಂದಾಗಲೆಲ್ಲ ನಾಲ್ಕನ್ನೂ ಹಾಕಿ ನೋಡುವುದು. ಇನ್ನೊಂದು, ರೇಖಾಗಣಿತದ ಚಿತ್ರವನ್ನು ಅಳತೆಗೆ ಸರಿಯಾಗಿಯೇ ಬರೆದಿರುತ್ತಾರೆ ಎಂದೇನಿಲ್ಲ. ಲಂಬಕೋನದ ಹಾಗೆ ಕಂಡರೆ ಲಂಬಕೋನ ಅಂತ ತಿಳಿಯಬೇಡಿ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೊಡುತ್ತಾರೆ. ಮೌಸ್ ಹಿಡಿದು ಒತ್ತುವಷ್ಟರಲ್ಲಿ ಬಾಯಿಲೆಕ್ಕವೇ ಬೇಗ ಆಗುತ್ತದೆ. ಮಗ್ಗಿ ಕಲಿಸಿದ ನಮ್ಮ ಮಾಸ್ತರರನ್ನು ಬಹಳ ಸಲ ನೆನೆದೆ.

ವರ್ಬಲ್ ನನಗೆ ನಿಜಕ್ಕೂ ಕಷ್ಟವಾಯಿತು. ಬಿಟ್ಟ ಸ್ಥಳ ತುಂಬುವ ವಾಕ್ಯದಲ್ಲಿ ಎರಡು ಮೂರು ಸ್ಥಳ ಇದ್ದರೆ ಎಲ್ಲವೂ ಸರಿಯಾಗಬೇಕು, ಒಂದು ತಪ್ಪಿದರೂ ಅಂಕ ಇಲ್ಲ. ಮೊದಲ ಮಾದರಿ ಪರೀಕ್ಷೆಯಲ್ಲಿ 144 ಬಂತು. ಆ ವಾರ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಒಂದು ದಾರಿ ನನಗೇ ಸಿಕ್ಕಿತು. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ವಾಕ್ಯ ಓದಿ, ಖಾಲಿ ಜಾಗಕ್ಕೆ ಕನ್ನಡದ ಪದ ಹಾಕುವುದು. ಜಿಪುಣನೆಂದು ಹೆಸರಾಗಿದ್ದರೂ ಆ ದಿನ ಅವನು ಹೇಗಿದ್ದ? ಧಾರಾಳಿ. "ಆದರೂ" ಎನ್ನುವ ಪದ ಕಂಡ ಕೂಡಲೇ ನಮ್ಮ ನಾಲಿಗೆಗೆ ಉತ್ತರ ಬಂದುಬಿಡುತ್ತದೆ. ಆಮೇಲೆ ಕೈ ತೆಗೆದು ಧಾರಾಳಿಗೆ ಹತ್ತಿರದ ಪದ ಹುಡುಕುವುದು. ಮೊದಲೇ ಆಯ್ಕೆ ನೋಡಿದರೆ ಐದೂ ಸರಿ ಅನ್ನಿಸುತ್ತವೆ. ಇದನ್ನು ಹಿಡಿದ ಮೇಲೆ ನಾಲ್ಕು ವಾರದಲ್ಲಿ 150ರ ಆಸುಪಾಸಿಗೆ ಬಂದೆ. ಬಾಯಿಪಾಠ ಮಾಡಿದ ಆ ಪದಗಳೂ ಆಗ ಉಪಯೋಗಕ್ಕೆ ಬಂದವು, ಪೂರ್ತಿ ವ್ಯರ್ಥ ಅನ್ನಲಾರೆ.

ಪ್ರಬಂಧದ ವಿಷಯಗಳ ಇಡೀ ಪಟ್ಟಿಯನ್ನು ಇಟಿಎಸ್ ತನ್ನ ಜಾಲತಾಣದಲ್ಲೇ ಹಾಕಿದೆ. ಪರೀಕ್ಷೆಯಲ್ಲಿ ಬರುವುದು ಅದರಿಂದಲೇ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಲ್ಲವನ್ನೂ ಬರೆಯಲಾಗದು, ಆದರೆ ನಿಮಗೆ ಹತ್ತಿರದ ಐದಾರು ಉದಾಹರಣೆ ಸಿದ್ಧ ಇಟ್ಟುಕೊಳ್ಳಿ. ನಾನು ನಮ್ಮೂರಿನ ಕೃಷ್ಣಮೃಗ ಅಭಯಾರಣ್ಯವನ್ನು ಇಟ್ಟುಕೊಂಡಿದ್ದೆ. ಜಿಂಕೆ ಉಳಿಯಬೇಕು, ಪಕ್ಕದ ಹೊಲದ ಗೋವಿನಜೋಳವೂ ಉಳಿಯಬೇಕು. ಸರ್ಕಾರ, ಪರಿಸರ, ರೈತ ಯಾವ ವಿಷಯ ಬಂದರೂ ಅದು ಹೊಂದುತ್ತಿತ್ತು. ದೂರದ ದೊಡ್ಡ ಹೆಸರುಗಳಿಗಿಂತ ಕಣ್ಣಾರೆ ಕಂಡದ್ದನ್ನು ಬರೆದಾಗ ವಾಕ್ಯ ತಾನೇ ಬರುತ್ತದೆ. ಅಲ್ಲಿ ಕಾಗುಣಿತ ತಿದ್ದುವ ಸೌಲಭ್ಯ ಇರುವುದಿಲ್ಲ, ಅದಿಲ್ಲದೆ ಟೈಪ್ ಮಾಡಿ ಅಭ್ಯಾಸ ಮಾಡಿ. ಇಟಿಎಸ್‌ನ ಎರಡು ಮಾದರಿ ಪರೀಕ್ಷೆ ಉಚಿತ. ಒಂದನ್ನು ಶುರುವಿನಲ್ಲಿ, ಇನ್ನೊಂದನ್ನು ಪರೀಕ್ಷೆಗೆ ವಾರ ಇರುವಾಗ ಬರೆಯಿರಿ. ಎರಡನ್ನೂ ಮೊದಲೇ ಮುಗಿಸಬೇಡಿ.

ಮನೆಯಿಂದಲೂ ಬರೆಯಬಹುದು. ನಾನೂ ಯೋಚಿಸಿದೆ. ಕೋಣೆಯಲ್ಲಿ ಒಬ್ಬರೇ ಇರಬೇಕು, ಬಾಗಿಲು ಮುಚ್ಚಿರಬೇಕು, ಕ್ಯಾಮೆರಾದಲ್ಲಿ ಇಡೀ ಕೋಣೆ ತೋರಿಸಬೇಕು, ಕಾಗದದ ಮೇಲೆ ನೇರವಾಗಿ ಬರೆಯುವಂತಿಲ್ಲ, ಅಳಿಸಬಹುದಾದ ಬಿಳಿ ಹಲಗೆಯಂಥದ್ದು ಬೇಕು. ನಮ್ಮ ಮನೆಯಲ್ಲಿ ಎರಡು ತಾಸು ಯಾರೂ ಬಾಗಿಲು ತೆಗೆಯದೆ, ಕರೆಂಟ್ ಹೋಗದೆ ಇರುವುದು ಅನುಮಾನ. ಬೆಂಗಳೂರಿನ ಕೇಂದ್ರವನ್ನೇ ಆರಿಸಿಕೊಂಡೆ. ಡಿಸೆಂಬರ್‌ನಲ್ಲಿ ಅರ್ಜಿಯ ಕೊನೆಯ ದಿನಾಂಕ ಬರುತ್ತದೆಂದು ಎಲ್ಲರೂ ಒಟ್ಟಿಗೆ ಪರೀಕ್ಷೆಗೆ ಹೊರಡುವ ಮುಂಚೆ ಇರಲಿ ಅಂತ ಆಗಸ್ಟ್ ದಿನಾಂಕ ಹಿಡಿದೆ. ಒಮ್ಮೆ ಬರೆದ ಮೇಲೆ ಮತ್ತೆ ಬರೆಯಲು 21 ದಿನ ಕಾಯಬೇಕು, ಅದಕ್ಕೂ ಜಾಗ ಇರಲಿ.

ಹಿಂದಿನ ದಿನ ರಾತ್ರಿ ರಾಜಾಜಿನಗರದಲ್ಲಿ ಚಿಗವ್ವನ ಮನೆಯಲ್ಲಿದ್ದೆ. ನಿಯಮಗಳನ್ನು ಕೊನೆಯ ಸಲ ಓದುವಾಗ ಆಭರಣದ ಸಾಲು ಕಂಡಿತು. ಮದುವೆ, ನಿಶ್ಚಿತಾರ್ಥದ ಉಂಗುರ ಬಿಟ್ಟು ಬೇರೆ ಏನೂ ಹಾಕುವಂತಿಲ್ಲ. ಓಲೆ, ಬಳೆ ತೆಗೆದೆ. ಮೂಗುಬೊಟ್ಟು ಬರಲಿಲ್ಲ. ಪಿಯುಸಿಯಲ್ಲಿ ಅವ್ವ ಚುಚ್ಚಿಸಿದ್ದು, ಒಂದು ಸಲವೂ ತೆಗೆದಿರಲಿಲ್ಲ. ಒಳಗಿನ ತಿರುಪು ಬಿಗಿದು ಕೂತಿತ್ತು. ಚಿಗವ್ವ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಹತ್ತಿಯಲ್ಲಿ ಅದ್ದಿ ಮೂಗಿನ ಒಳಗೆ ಹಚ್ಚಿದಳು. ಹತ್ತು ನಿಮಿಷ ಬಿಟ್ಟು ಸೆರಗಿನ ತುದಿಯಿಂದ ಹಿಡಿದು ತಿರುಗಿಸಿದಳು. ಕಣ್ಣಲ್ಲಿ ನೀರು ಬಂತು. "ಸ್ವಲ್ಪ ತಡಕೊ ಮಗಳ, ಆತು, ಆತು" ಅನ್ನುತ್ತಲೇ ಇದ್ದಳು. ಬಂದಾಗ ರಾತ್ರಿ ಹತ್ತೂವರೆ. ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಡ್ಜ್ ಮೇಲೆ ಇಟ್ಟಳು. ಹೆಣ್ಣುಮಕ್ಕಳು ಈ ಕೆಲಸ ಒಂದು ವಾರ ಮುಂಚೆ ಮಾಡಿಕೊಳ್ಳಿ.

ಕೇಂದ್ರದಲ್ಲಿ ಪಾಸ್‌ಪೋರ್ಟ್ ಬಿಟ್ಟು ಉಳಿದದ್ದೆಲ್ಲ ಲಾಕರ್‌ಗೆ. ವಾಚೂ ಹೋಗುವಂತಿಲ್ಲ. ಜೇಬು ಹೊರಗೆ ತೆಗೆದು ತೋರಿಸಿ, ಕನ್ನಡಕ ಕೊಟ್ಟು, ಫೋಟೊ ತೆಗೆಸಿಕೊಂಡು ಒಳಗೆ ಹೋದೆ. ಬಾಗಿಲಲ್ಲಿದ್ದ ಹುಡುಗ ಪಾಸ್‌ಪೋರ್ಟ್ ಹಿಡಿದು ಪರದೆಯ ಮೇಲಿನ ಹೆಸರಿನ ಜೊತೆ ಬೆರಳಿಟ್ಟು ಹೋಲಿಸಿದ. ಮೂರೂ ಪದ. ನನ್ನ ಎದೆಬಡಿತ ನನಗೇ ಕೇಳುತ್ತಿತ್ತು. ತಲೆಯಾಡಿಸಿ ಒಳಗೆ ಬಿಟ್ಟ.

ಬಂದ ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ, ಅದನ್ನು ಒಪ್ಪಿ ಸಹಿ ಮಾಡಿರುತ್ತೇವೆ. ಇಷ್ಟು ಹೇಳಬಹುದು: ಪಕ್ಕದವರ ಕೀಬೋರ್ಡ್ ಸದ್ದು ಪ್ರಬಂಧ ಬರೆಯುವಾಗ ಬಹಳ ಹೆದರಿಸುತ್ತದೆ, ಎಲ್ಲರೂ ನಮಗಿಂತ ಜಾಸ್ತಿ ಬರೆಯುತ್ತಿದ್ದಾರೆ ಅನ್ನಿಸುತ್ತದೆ. ಎರಡನೆಯ ವರ್ಬಲ್ ಭಾಗದಲ್ಲಿ ಕೊನೆಯ ಮೂರು ಪ್ರಶ್ನೆಗೆ ಒಂದೇ ನಿಮಿಷ ಉಳಿಯಿತು. ಊಹಿಸಿ ಒತ್ತಿದೆ. ಮುಗಿದ ಮೇಲೆ ಅಂಕ ತೋರಿಸುವ ಮುಂಚೆಯೇ, ಇಟ್ಟುಕೊಳ್ಳುತ್ತೀರಾ ರದ್ದು ಮಾಡುತ್ತೀರಾ ಎಂದು ಕೇಳುತ್ತದೆ. ರದ್ದು ಮಾಡಿದರೆ ಅಂದು ಎಷ್ಟು ಬಂತೆಂದು ನೋಡಲೂ ಆಗದು. ಅಪ್ಪನ "ಕಟ್ಟು" ನೆನಪಾಯಿತು. ಇಟ್ಟುಕೊಂಡೆ. ಕ್ವಾಂಟ್ 167, ವರ್ಬಲ್ 153.

ಅಂದು ನಾಲ್ಕು ಕಡೆಗೆ ಅಂಕ ಉಚಿತವಾಗಿ ಕಳಿಸಬಹುದು. ಆಮೇಲೆ ಕಳಿಸಿದರೆ ಒಂದೊಂದಕ್ಕೂ 30 ಡಾಲರ್‌ಗಿಂತ ಜಾಸ್ತಿ. ಚೀಟಿ ಒಳಗೆ ಒಯ್ಯುವಂತಿಲ್ಲ, ಅದಕ್ಕೆ ನಾಲ್ಕು ವಿಶ್ವವಿದ್ಯಾಲಯ, ವಿಭಾಗಗಳ ಹೆಸರು ಬಾಯಿಪಾಠ ಇರಲಿ. ಒಂಬತ್ತನೆಯ ದಿನ ಅಧಿಕೃತ ಅಂಕ, ಪ್ರಬಂಧದ 3.5 ಬಂದವು. ಐದು ವರ್ಷ ನಡೆಯುತ್ತವೆ. ಟೋಫೆಲ್ ಎಂಬ ಇಂಗ್ಲಿಷ್ ಭಾಷೆಯ ಪರೀಕ್ಷೆ ಇದಕ್ಕಿಂತ ಬೇರೆ, ಅದರದ್ದು ಎರಡೇ ವರ್ಷ.

ಫೋನಿನಲ್ಲಿ ಅಪ್ಪ ಕೇಳಿದ್ದು ಒಂದೇ: "ಪಾಸಾತೇನವಾ?" ಇದರಲ್ಲಿ ಪಾಸು ಫೇಲು ಇಲ್ಲ, ನೂರರಲ್ಲಿ ಎಷ್ಟು ಜನಕ್ಕಿಂತ ಮುಂದಿದ್ದೇವೆ ಅನ್ನುವ ಲೆಕ್ಕ ಎಂದೆ. ವರ್ಬಲ್‌ನಲ್ಲಿ 160 ಬಂದರೆ 80ಕ್ಕೂ ಜಾಸ್ತಿ ಜನರಿಗಿಂತ ಮುಂದೆ. ಕ್ವಾಂಟ್‌ನಲ್ಲಿ ಅದೇ 160 ಬಂದರೆ ಸುಮಾರು ನಡುವೆ. ಹಾಗಾಗಿ ಎರಡು ಅಂಕ ಕೂಡಿಸಿ ಇಷ್ಟು ಬಂತು ಎಂದುಕೊಳ್ಳುವುದರಲ್ಲಿ ಅರ್ಥ ಕಡಿಮೆ. ಅಪ್ಪ ಪೂರ್ತಿ ಕೇಳಿ, "ಅಂದ್ರ ಪಾಸ್ ಆದಂಗ" ಎಂದರು. ಹೌದು ಎಂದೆ.

ಅರ್ಜಿ ಶುಲ್ಕ ಡಾಲರ್‌ನಲ್ಲಿ. ಮೊದಲ ಸಲ ಕಾರ್ಡ್ ನಡೆಯಲಿಲ್ಲ. ವಿದೇಶಿ ಪಾವತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಚಾಲೂ ಮಾಡಬೇಕಿತ್ತು. ಕೊನೆಯ ದಿನದವರೆಗೆ ಕಾಯಬೇಡಿ.

ಹೆಸರು ಅಲ್ಲಿಗೂ ಬಿಡಲಿಲ್ಲ. ಅಂಕ ಪಾಸ್‌ಪೋರ್ಟ್ ಹೆಸರಿನಲ್ಲಿ ಹೋಯಿತು, ಅಂಕಪಟ್ಟಿ ಬಿ.ಕೆ. ಹೆಸರಿನಲ್ಲಿ. ಇಬ್ಬರೂ ಒಬ್ಬರೇ ಎಂದು ಹೇಗೆ ತಿಳಿಯುವುದು ಅಂತ ಒಂದು ವಿಭಾಗದಿಂದ ಪತ್ರ ಬಂತು. ನೋಟರಿಯವರ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿದೆ. ಅವರು ಟೈಪ್ ಮಾಡುತ್ತಾ, "ವಾರಕ್ಕ ಹತ್ತು ಮಂದಿ ಇದಕ್ಕ ಬರ್ತಾರ" ಅಂದರು. ಸ್ಕ್ಯಾನ್ ಮಾಡಿ ಕಳಿಸಿದ ನಾಲ್ಕನೇ ದಿನ ಅರ್ಜಿ ಪೂರ್ಣ ಎಂದು ತೋರಿಸಿತು. ಉಳಿದ ಅರ್ಜಿಗಳಿಗೆ ಅದೇ ಅಫಿಡವಿಟ್ಟನ್ನು ಕೇಳುವ ಮುಂಚೆಯೇ ಸೇರಿಸಿದೆ. ಮೊನ್ನೆ ಗುರುವಾರದ್ದಕ್ಕೂ.